ಕೇಳದವರಿಗೆ ಕಳಿಸಿದ ಸೀರೆ

೩ ಜೂನ್, ಬೆಳಿಗ್ಗೆ

ಮಗ್ಗಕ್ಕೆ ಕೂತೆ. ಮನಸ್ಸು ಎದುರುಮನೆಯಲ್ಲಿ. ವಾರಗಿತ್ತಿ ಪುಷ್ಪಾ ಪ್ರತಿ ಶುಕ್ರವಾರ ಸೀರೆ ಫೋಟೊ ಹಾಕಿ ಗಿರಾಕಿಗಳಿಗೆಲ್ಲ ಒಂದೇ ಸಲ ಈಮೇಲ್ ಕಳಿಸುತ್ತಾಳೆ. ಆರ್ಡರ್ ಮೇಲೆ ಆರ್ಡರ್. ಅವಳಿಗೆ ಲಾಳಿ ಹಿಡಿಯಲು ಕಲಿಸಿದವಳು ನಾನು!

ಚಳ್ಳಕೆರೆಯ ಶೈಲಜಾಗೆ ಮಗಳ ಧಾರೆ ಸೀರೆ ಬೇಕಂತೆ. ಶೈಲಜಾ ತನ್ನ ಧಾರೆಗೆ ಉಟ್ಟದ್ದು ನನ್ನ ಮಗ್ಗದ್ದೇ. ಮಗಳದ್ದೂ ನನ್ನ ಕೈಯಿಂದಲೇ ಹೋಗಬೇಕು. ಪುಷ್ಪಾ ಕಸಿಯುವ ಮೊದಲು...

೪ ಜೂನ್

ಈಮೇಲ್ ಕಳಿಸುವುದು ನಾನೇ ಕಲಿತೆ. ಆದರೆ ವಿಳಾಸಗಳು? ನಮ್ಮ ನೇಕಾರ ಸಂಘದ ವಧೂವರರ ಪುಸ್ತಕವಿದೆಯಲ್ಲ — ಪ್ರತಿ ಫೋಟೊದ ಕೆಳಗೂ ಈಮೇಲ್. ಮದುವೆ ಮಾಡುವವರಿಗೆ ಸೀರೆ ಬೇಡವೇ? ಎಲ್ಲ ಸೇರಿಸಿದೆ, ಶೈಲಜಾಳದ್ದೂ. ನೆಂಟರಿಗೆ ಬರೆದಂತೆ "ಪ್ರೀತಿಯ ಬಂಧುಗಳೇ, ಕ್ಷೇಮವೇ?" ಎಂದೇ ಶುರು ಮಾಡಿ, ಸೀರೆ ಫೋಟೊ ಹಾಕಿ ಕಳಿಸಿದೆ. ಪುಷ್ಪಾ ಬರೀ ರೇಟ್ ಹಾಕುತ್ತಾಳೆ. ಹುಂ.

೬ ಜೂನ್

ಒಬ್ಬರೂ ಉತ್ತರ ಕೊಡಲಿಲ್ಲ. ನಿನ್ನೆಯೂ ಕಳಿಸಿದೆ, ಇವತ್ತೂ.

೭ ಜೂನ್, ಸಂಜೆ

ಪರಶುರಾಂಪುರದಿಂದ ಓಂಕಾರಮೂರ್ತಿ ಎನ್ನುವವರ ಫೋನ್.

"ಏನಮ್ಮಾ, ಮಗಳಿಗೆ ಗಂಡು ಬಂತು ಅಂತ ಮನೆಯೋರ್ನೆಲ್ಲ ಕೂಡಿಸ್ಕೊಂಡು ತೆಗೆದ್ರೆ, ಸೀರೆ! ಮೂರು ಸಲ! ಗಂಡು ಹುಡುಕಾಕೆ ಕೊಟ್ಟ ವಿಳಾಸ ಅದು. ಸ್ಪ್ಯಾಮಿಗೆ ಹಾಕೀನಿ ನೋಡ್ರಿ."

ಇನ್ನೆಷ್ಟು ಜನ ಹಾಕಿದ್ದಾರೋ.

೧೨ ಜೂನ್

ಶೈಲಜಾ ಬಂದಿದ್ದಳು. ಎದುರುಮನೆಗೆ. ಧಾರೆ ಸೀರೆ ಅಲ್ಲೇ ಆರಿಸಿದಳು. ಬೀದಿಯಲ್ಲಿ ತಡೆದು ಕೇಳಿದೆ.

"ಅಯ್ಯೋ ಚಿತ್ತಮ್ಮಾರೇ, ನಿಮ್ದು ಬರ್ಲೇ ಇಲ್ವಲ್ರೀ!"

ಫೋನ್ ತೆಗೆದಳು. ಸ್ಪ್ಯಾಮಿನಲ್ಲಿ ಲಾಟರಿ ಹೊಡೆಯಿತು ಎನ್ನುವವರ ನಡುವೆ ನನ್ನ "ಕ್ಷೇಮವೇ?" ಸಾಲಾಗಿ ಬಿದ್ದಿತ್ತು. ಅಷ್ಟು ಜನ ಸ್ಪ್ಯಾಮಿಗೆ ಹಾಕಿದ ಮೇಲೆ ಉಳಿದವರಲ್ಲೂ ತಾನಾಗಿ ಅಲ್ಲಿಗೇ ಹೋಗುತ್ತದಂತೆ.

ಪುಷ್ಪಾ ಹೊರಗೆ ಬಂದಳು. "ಅಕ್ಕಾ, ನಾನು ಬಂದೋರ್ನ ಕೇಳ್ತೀನಿ, ಕಳಿಸ್ಲಾ ಅಂತ. ಹೂಂ ಅಂದೋರಿಗೇ ಕಳಿಸೋದು. ಸಾಕು ಅಂದ್ರೆ ಹೆಸರು ತೆಗೀತೀನಿ."

"ಗೊತ್ತೈತೆ ಬಿಡೇ," ಎಂದೆ.

ಗೊತ್ತಿರಲಿಲ್ಲ. ಕರೆಯದ ಮನೆಗೆ ಊಟಕ್ಕೆ ಹೋಗಿ ಕೂತವಳಂತೆ ಆಯಿತು.

೧೯ ಜೂನ್, ಶುಕ್ರವಾರ

ನನಗೂ ಕಳಿಸು ಎಂದು ಪುಷ್ಪಾಗೆ ಹೇಳಿದ್ದೆ. ಅದೇನು ಬರೆಯುತ್ತಾಳೋ ನೋಡೋಣವೆಂದು. ಬಂತು. ಶೈಲಜಾಳ ಮಗಳು ಪುಷ್ಪಾ ನೇಯ್ದ ಸೀರೆ ಉಟ್ಟು ನಗುತ್ತಿದ್ದಾಳೆ. ನಗು ಥೇಟ್ ತಾಯಿಯದೇ. ಸೆರಗಿನ ನವಿಲು ಚೆನ್ನಾಗಿದೆ, ಹಾಳಾದ್ದು.

ಅಡಿಯಲ್ಲಿ ಸಣ್ಣದಾಗಿ — "ಈ ಪತ್ರ ಇನ್ನು ಬೇಡವೇ? ಇಲ್ಲಿ ಒತ್ತಿ."

ಒತ್ತಬೇಕು. ವಾರವಾರ ಹೊಟ್ಟೆ ಉರಿಸಿಕೊಳ್ಳುವ ಕರ್ಮ ನನಗೇಕೆ? ಒತ್ತಿಯೇಬಿಡುತ್ತೇನೆ. ಬರುವ ಶುಕ್ರವಾರದ್ದೊಂದು ನೋಡಿ—