ಕೊನೆಯ ಪುಟದಿಂದ

ಕೆರೆ ಓಣಿ,
ಹದಿನಾಲ್ಕನೇ ತಾರೀಕು, ಸೋಮವಾರ

ಮುದ್ದಿನ ಪುಟ್ಟಮ್ಮಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ದಿನವಿಡೀ ಪರದೆ ನೋಡುವ ಕೆಲಸ, ಹೊತ್ತಿಗೆ ಸರಿಯಾಗಿ ಉಣ್ಣದ ಅಭ್ಯಾಸ. ಅಮ್ಮ ಹೇಳಿದರೆ ನೀನು ಕೇಳುವವಳಲ್ಲ, ನಾನು ಹೇಳಿದರೆ ನಕ್ಕುಬಿಡುತ್ತೀಯ. ಇಲ್ಲಿ ಅಜ್ಜಿಯ ಮಂಡಿನೋವು ಎಂದಿನಂತೆ ಇದೆ, ಅವಳ ನಾಲಿಗೆಯೂ ಎಂದಿನಂತೆಯೇ ಇದೆ. ನನ್ನ ಗಂಟಲು ಮಾತ್ರ ಈಗ ಬಲು ಚೆನ್ನಾಗಿದೆ. ಕೆಲಸವೇ ಇಲ್ಲದ ಗಂಟಲು ಕೆಡುವುದಾದರೂ ಹೇಗೆ?

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೊನ್ನೆ ನಾನು ಕೆರೆಯ ವಿಷಯ ಎತ್ತಿದ ಕೂಡಲೇ ನೀನು, "ಎಲ್ಲಾ ಪೇಪರ್‌ನಲ್ಲಿ ಹಾಕಿದ್ರಲ್ಲ ಅಜ್ಜ, ನೀವೇ ಯಾರೂ ಬರ್ಲಿಲ್ಲ" ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ನೀನು ಏನಂದೆ ಎಂದು ಅಜ್ಜಿ ಕೇಳಿದಳು, ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಣ್ಣದ ಶೆಡ್ಡು ನಿನಗೆ ಗೊತ್ತಿಲ್ಲದ್ದೇನಲ್ಲ, ಅಲ್ಲೇ ತೊಟ್ಟಿಗಳ ನಡುವೆ ಅಂಬೆಗಾಲಿಟ್ಟವಳು ನೀನು. ನೂಲು ಅದ್ದುವ ಹೆಂಗಸರ ಕೈ ಬೆಳಗಿನಿಂದ ಸಂಜೆಯವರೆಗೆ ಬಣ್ಣದಲ್ಲೇ ಇರುತ್ತದೆ. ಪೇಪರ್ ಮುಟ್ಟಿದರೆ ಅಕ್ಷರಕ್ಕಿಂತ ಬೆರಳಚ್ಚೇ ಜಾಸ್ತಿ. ಹಾಗಾಗಿ ಒಬ್ಬರು ಒಣಗಿದ ಕೈಯವರು ಓದಬೇಕು, ಉಳಿದವರು ಅದ್ದುತ್ತ ಕೇಳಬೇಕು. ನನ್ನ ಕಣ್ಣು ಬಣ್ಣ ಗುರುತಿಸುವುದನ್ನು ಬಿಟ್ಟ ಮೇಲೆ ಓದುವ ಕೆಲಸ ನನಗೆ ಬಂತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನಾನು ಯಾವಾಗಲೂ ಕೊನೆಯ ಪುಟದಿಂದ ಶುರು ಮಾಡುತ್ತಿದ್ದೆ. ಅಲ್ಲಿರುತ್ತಿದ್ದವು ಇರುವೆಯಂಥ ಅಕ್ಷರದ ಪ್ರಕಟಣೆಗಳು: ಎಲ್ಲಿ ಕರೆಂಟ್ ಇಲ್ಲ, ಯಾವ ರಸ್ತೆ ಅಗೆಯುತ್ತಾರೆ, ಯಾರು ತೀರಿಕೊಂಡರು, ಯಾವ ಜಾಗದ ಮೇಲೆ ಯಾರ ಕಣ್ಣು ಬಿದ್ದಿದೆ. ನೀಲಿಯಲ್ಲಿ ಅದ್ದಿ ಅದ್ದಿ ಕೈಗೇ ಬಣ್ಣ ಹತ್ತಿದ ನಮ್ಮ ಹಿರಿಯಳು ನೀಲಿಗೈ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು: "ಮುಂದಿನ್ ಪುಟ ದೊಡ್ಡೋರ್ದು, ಹಿಂದಿನ್ ಪುಟ ನಮ್ದು."

ನೀನು ಆ ಸುದ್ದಿ ಓದುವ ಪೆಟ್ಟಿಗೆ ತಂದದ್ದು ಪ್ರೀತಿಯಿಂದಲೇ, ಅದನ್ನು ಇಲ್ಲವೆನ್ನುವುದಿಲ್ಲ. ನನ್ನ ಕೆಮ್ಮು ನಿನಗೆ ನೋಡಲಾಗಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ನನ್ನನ್ನು ಕೂರಿಸಿಕೊಂಡು ತಲೆಬುಡವಿಲ್ಲದ ವಾಕ್ಯಗಳನ್ನೆಲ್ಲ ಓದಿಸಿ ನನ್ನ ದನಿ ಹಿಡಿದುಕೊಂಡೆ. ಆಮೇಲೆ ನೋಡಿದರೆ ಪೆಟ್ಟಿಗೆ ನನ್ನದೇ ದನಿಯಲ್ಲಿ ಸುದ್ದಿ ಓದುತ್ತಿದೆ! "ಈ ಯಜಮಾನ್ರು ಕೆಮ್ಮಲ್ಲ, ಟೀ ಕೇಳಲ್ಲ, ಇವ್ರನ್ನೇ ಇಟ್ಕೊಳ್ತೀನಿ" ಎಂದು ಅಜ್ಜಿ ಇಡೀ ಶೆಡ್ಡನ್ನು ನಗಿಸಿದಳು. ಕಾಗದ ಉಳಿದರೆ ಮರ ಉಳಿಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು, ಪೇಪರ್ ನಿಲ್ಲಿಸಿದೆವು. ನಡುನಡುವೆ ಜಾಹೀರಾತಿನ ಕಾಟವಿಲ್ಲ ಎಂದು ನೀನು ಹೆಮ್ಮೆಯಿಂದ ಹೇಳಿದೆ. ಜಾಹೀರಾತು ಬಿಡುವಾಗ ಪೆಟ್ಟಿಗೆ ಪ್ರಕಟಣೆಗಳನ್ನೂ ಬಿಡುತ್ತದೆ ಎಂದು ನೀನು ಹೇಳಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಕೆರೆಯ ಸುತ್ತ ತಂತಿ ಎಳೆಯಲು ಜನ ಬಂದಾಗಲೇ ನಮಗೆ ಗೊತ್ತಾದದ್ದು. ನೀಲಿಗೈ ಬಣ್ಣದ ಕೈಯಲ್ಲೇ ಓಡಿಹೋಗಿ ಕಂಬ ಹಿಡಿದು ನಿಂತಳು. ಅಧಿಕಾರಿ ಒಳ್ಳೆಯ ಹುಡುಗ, ಗದರಿಸಲಿಲ್ಲ. ಫೈಲು ತೆರೆದು ಪೇಪರಿನ ತುಂಡು ತೋರಿಸಿದ. ಕೊನೆಯ ಪುಟ, ಕೆಳಗಿನ ಮೂಲೆ. ಕಂಪ್ಯೂಟರುಗಳನ್ನಿಡುವ ಕಟ್ಟಡ ಬರುತ್ತದೆ, ಅವು ಬಿಸಿಯಾಗದಂತೆ ತಣ್ಣಗಿಡಲು ಕೆರೆಯ ನೀರು ಬೇಕು, ತಕರಾರಿದ್ದವರು ಸಭೆಗೆ ಬಂದು ಹೇಳಬಹುದು. ಸಭೆ ಮುಗಿದುಹೋಗಿತ್ತು. ಖಾಲಿ ಕುರ್ಚಿಗಳನ್ನು ನೋಡಿ ಯಾರದೂ ಆಕ್ಷೇಪಣೆಯಿಲ್ಲ ಎಂದು ಬರೆದುಕೊಂಡಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ ನಮ್ಮದು. ಇದು ಸುಸ್ಥಿರ ಅಭಿವೃದ್ಧಿಯ ಯೋಜನೆ, ಮಾಡಿನ ತುಂಬ ಸೋಲಾರ್ ಹಾಕಿ ಸುತ್ತ ಗಿಡ ನೆಡುತ್ತೇವೆ ಎಂದು ಆ ಹುಡುಗ ಸಮಾಧಾನ ಹೇಳಿದ. ಕೆರೆ ಕುಡಿದು ಗಿಡ ನೆಡುವ ಪುಣ್ಯಾತ್ಮರು! ಬಣ್ಣ ಹಾಕಿದ ನೂಲನ್ನು ನಾವಿನ್ನು ಯಾವ ನೀರಿನಲ್ಲಿ ಜಾಲಿಸಬೇಕು ಎಂದು ಕೇಳಿದಾಗ ಫೈಲು ಮುಚ್ಚಿ ತಂತಿಯವರ ಕಡೆ ನಡೆದ. ನೀರಿಲ್ಲದಿದ್ದರೆ ಶೆಡ್ಡಿಲ್ಲ, ಅಷ್ಟೇ.

ಫೈಲಿನ ಮೇಲೆ ಕಂಪನಿಯ ಗುರುತಿತ್ತು. ನೀನು ಕತ್ತಿಗೆ ಹಾಕಿಕೊಳ್ಳುವ ಕಾರ್ಡಿನ ಮೇಲಿರುವುದೂ ಅದೇ, ನನ್ನ ದನಿಯ ಪೆಟ್ಟಿಗೆಯ ಮೇಲಿರುವುದೂ ಅದೇ. ನಿನಗೆ ಮೊದಲೇ ಗೊತ್ತಿತ್ತೇ ಎಂದು ನಾನು ಕೇಳುವುದಿಲ್ಲ. ಗೊತ್ತಿದ್ದರೆ ನೀನು ಒಂದು ಮಾತು ಹೇಳುತ್ತಿದ್ದೆ ಎಂದೇ ನಂಬಿಕೊಂಡಿದ್ದೇನೆ, ಆ ನಂಬಿಕೆಯನ್ನು ಕಳೆದುಕೊಳ್ಳುವ ವಯಸ್ಸು ನನ್ನದಲ್ಲ. ಆದರೆ ಯಾರೂ ಬರಲಿಲ್ಲ ಎಂದು ಇನ್ನೊಮ್ಮೆ ಅನ್ನಬೇಡ. ಮಗೂ, ಕಿವಿಗೆ ಅರಳೆ ತುರುಕಿ, ಕೂಗಿದ್ದು ಕೇಳಲಿಲ್ಲವೇ ಎಂದು ಗದರಿಸಿದ ಹಾಗಾಯಿತು ಅದು.

ಹೆಂಗಸರು ನನ್ನೊಡನೆ ಜಗಳವಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ಆಡಲಿಲ್ಲ. ನೀಲಿಗೈ ಮಾತ್ರ ತೊಟ್ಟಿಯಿಂದ ತಲೆಯೆತ್ತದೆ, "ಪೆಟ್ಗೆ ಮಾತನ್ನ ಯಾರ್ ನಂಬ್ತಿದ್ರು? ನಿಮ್ ದನೀಲಿ ಓದ್ತಿತ್ತಲ್ಲಣ್ಣ, ಅದಕ್ಕೇ ನಂಬಿದ್ವಿ" ಎಂದಳು. ಅಂದಿನಿಂದ ನನಗೆ ಅನ್ನ ರುಚಿಸುತ್ತಿಲ್ಲ. ಸಿಟ್ಟು ಬರುತ್ತದೆ, ನಿನ್ನ ಮೇಲೂ ಬರುತ್ತದೆ. ಮುಚ್ಚಿಟ್ಟುಕೊಂಡರೆ ಹುಳಿಯಾಗುತ್ತದೆ ಎಂದು ಹೇಳಿಬಿಟ್ಟಿದ್ದೇನೆ.

ಸಿಟ್ಟು ಇದ್ದರೂ ಆಶೀರ್ವಾದಕ್ಕೆ ಕೊರತೆಯಿಲ್ಲ. ಚೆನ್ನಾಗಿ ಉಣ್ಣು, ಕಣ್ಣಿಗೆ ನಿದ್ದೆ ಕೊಡು, ನೂರು ವರ್ಷ ಬಾಳು. ಅಜ್ಜಿ ನಿನ್ನ ಹಳೆಯ ಹೊದಿಕೆಯನ್ನು ಬಿಸಿಲಿಗೆ ಹಾಕಿದ್ದಾಳೆ, ನೀನು ಯಾವಾಗ ಬಂದರೂ ಹೊದೆಯಬಹುದಂತೆ. ಅವಳು ನಿನ್ನನ್ನು ನೆನೆದಿದ್ದಾಳೆ.

ಇತಿ,
ನಿನ್ನ ಅಜ್ಜ

ಮತ್ತೆ: ಲಕೋಟೆ ಅಂಟಿಸುವ ಮೊದಲು ಕನ್ನಡಕ ತರಲು ಶೆಡ್ಡಿಗೆ ಹೋಗಿದ್ದೆ. ಪೆಟ್ಟಿಗೆ ಓದುತ್ತಿತ್ತು: "ಕೆರೆ ಯೋಜನೆಗೆ ಊರಿನವರ ಸಂತೋಷದ ಒಪ್ಪಿಗೆ." ನನ್ನ ದನಿಯಲ್ಲಿ, ಕೆಮ್ಮಿಲ್ಲದೆ, ನಾನೇ ಎದುರಿಗೆ ನಿಂತಿರುವಾಗ. ಹೆಂಗಸರು ಪೆಟ್ಟಿಗೆಯನ್ನು ನೋಡಲಿಲ್ಲ, ನನ್ನ ಬಾಯಿಯನ್ನು ನೋಡಿದರು. ವೈರು ಕಿತ್ತುಹಾಕಿದ್ದೇನೆ. ಪೇಪರಿನವನಿಗೆ ಹೇಳಿಯಾಗಿದೆ, ನಾಳೆಯಿಂದ ನಾನೇ ಓದುತ್ತೇನೆ, ಗಂಟಲು ಹರಿದರೆ ಹರಿಯಲಿ. ಆದರೆ ನನ್ನ ದನಿ ಪೆಟ್ಟಿಗೆಯೊಳಗಿಲ್ಲ, ದೂರದ ಯಾವುದೋ ಕಂಪ್ಯೂಟರ್ ಕಟ್ಟಡದಲ್ಲಿದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಎಲ್ಲಿದ್ದರೂ ಹುಡುಕಿ ಅಳಿಸಿಹಾಕು. ನಾಳೆ ಅದು ಇಲ್ಲಿಗೇ ಬಂದು, ನಮ್ಮ ಕೆರೆಯ ನೀರು ಕುಡಿದು ತಣ್ಣಗೆ ಕೂತು, ನನ್ನ ಹಾಗೆ ಮಾತಾಡುವುದು ಬೇಡ.