ಹನ್ನೊಂದು ದಿನ ಕೊಟ್ಟವರಿಗೆ

ಯಾರೆಂದು ತಿಳಿಯದ ನಿಮಗೆ ನಮಸ್ಕಾರ,

ಅಣ್ಣ ಎನ್ನಲೋ ಅಕ್ಕ ಎನ್ನಲೋ ಗೊತ್ತಾಗದೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಹೋದ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನನ್ನ ರಜೆಯೆಲ್ಲ ಮುಗಿದುಹೋಗಿತ್ತು. ನೀವು ನಿಮ್ಮ ರಜೆಯಿಂದ ಹನ್ನೊಂದು ದಿನ ತೆಗೆದು ನನಗೆ ಕೊಟ್ಟಿರಿ. ಕೊಟ್ಟವರ ಹೆಸರು ಹೇಳಬಾರದೆಂಬುದು ಕಂಪನಿಯ ನಿಯಮವಂತೆ. ಅಮ್ಮ ಈಗ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ. ನಡೆದು ಬಂದು ನನ್ನ ಅಡುಗೆಗೆ ಹೆಸರಿಡುತ್ತಾಳೆ.

ಕನ್ನಡಕದ ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವುದು ನನ್ನ ಕೆಲಸ. ನಿಮ್ಮನ್ನು ಹಿಡಿಯುವುದೇನು ಮಹಾ ಎಂದುಕೊಂಡಿದ್ದೆ. ಊಟದ ಕೋಣೆಯಲ್ಲಿ ಒಬ್ಬೊಬ್ಬರ ಮುಖವನ್ನೂ ಓದಿದೆ. ಪ್ಯಾಕಿಂಗ್ ವಿಭಾಗದ ಹಿರಿಯರೊಬ್ಬರು, ನಾವೆಲ್ಲ ಬೆನ್ನ ಹಿಂದೆ ಸಿಡುಕಪ್ಪ ಎನ್ನುವವರು (ಇದನ್ನು ಅವರೂ ಓದುತ್ತಾರೆ, ಕ್ಷಮೆ ಇರಲಿ), ನನ್ನತ್ತ ನೋಡಿ ತಟ್ಟನೆ ತಲೆ ತಗ್ಗಿಸಿದರು. ಸಿಕ್ಕಿಬಿದ್ದರು ಎಂದು ಹೋಗಿ ಕೈಮುಗಿದೇಬಿಟ್ಟೆ. "ನಾನಲ್ಲ ತಾಯಿ. ನನ್ ರಜೆ ನಾನು ಹೆಂಡ್ತಿಗೇ ಕೊಡಲ್ಲ. ನಿನ್ ಕೆನ್ನೆ ಮೇಲೆ ಗಾಜಿಗೆ ಹಚ್ಚೋ ಪಾಸ್ ಸ್ಟಿಕ್ಕರ್ ಅಂಟಿತ್ತು, ಅದಕ್ಕೆ ನೋಡ್ದೆ" ಎಂದರು. ಮೇಜಿನವರೆಲ್ಲ ಬಿದ್ದು ಬಿದ್ದು ನಕ್ಕರು.

ಅವತ್ತಿನಿಂದ ತಲೆಯಲ್ಲೊಂದು ಹುಳ. ಸಿಡುಕಪ್ಪನವರ ತಾಯಿ ಬಿದ್ದಿದ್ದರೆ ಯಾರಾದರೂ ರಜೆ ಕೊಡುತ್ತಿದ್ದರೇ? ನಾನು ಎಲ್ಲರೊಡನೆ ಹಲ್ಲು ಕಿರಿದು ಮಾತಾಡುತ್ತೇನೆ, ಅವರು ಮಾತಾಡುವುದಿಲ್ಲ. ಅಷ್ಟಕ್ಕೇ ಅವರ ತಾಯಿಯ ಮೂಳೆ ಮುರಿದರೆ ನೋವು ಕಡಿಮೆಯೇ? ನೀವು ಮಾಡಿದ್ದು ದೊಡ್ಡದು, ಎರಡು ಮಾತಿಲ್ಲ. ಆದರೂ ನಿಮ್ಮನ್ನೇ ಕೇಳಬೇಕೆನಿಸುತ್ತದೆ: ನನ್ನ ಕಷ್ಟಕ್ಕೆ ಕಂಪನಿಯೇ ರಜೆ ಕೊಡದೆ ನಿಮ್ಮ ರಜೆ ಏಕೆ ಸವೆಯಬೇಕಿತ್ತು?

ಆಮೇಲೆ ನೆಲ ಒರೆಸುವ ಅಕ್ಕನ ವಿಷಯ. ಬರುವ ಗುರುವಾರ ಅವರ ಮಗಳಿಗೆ ಕಿವಿಯ ಆಪರೇಷನ್. ಎಚ್ಚರವಾದಾಗ ಅಮ್ಮ ಎದುರಿಗಿರಬೇಕು ಎಂದು ಹುಡುಗಿ ಹಟ ಹಿಡಿದಿದ್ದಾಳೆ. ಮೂರು ದಿನ ಬರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಗುತ್ತಿಗೆದಾರ ಹೇಳಿಬಿಟ್ಟಿದ್ದಾನೆ. ನೀವು ಕೊಟ್ಟದ್ದರಲ್ಲಿ ನನಗೆ ಮೂರು ದಿನ ಉಳಿದಿತ್ತು, ತಗೊಳ್ಳಿ ಎಂದೆ. "ರಜೆ ಏನು ಡಬ್ಬಿ ಊಟನಾ, ಹಂಚ್ಕೊಳಕ್ಕೆ?" ಎಂದು ಅಕ್ಕ ನಕ್ಕರು. ನಾನು ಬಿಡದೆ ಸಿಬ್ಬಂದಿ ವಿಭಾಗದ ಮೇಡಂ ಹತ್ತಿರ ಹೋದೆ. ಒಳ್ಳೆಯವರೇ, ಕಂಪ್ಯೂಟರಿನಲ್ಲಿ ಎರಡೆರಡು ಸಲ ಹುಡುಕಿದರು. "ಅವರು ಗುತ್ತಿಗೆಯವರು ಕಣಮ್ಮ. ಹೆಸರೇ ನಮ್ ಪಟ್ಟಿಲಿಲ್ಲ, ರಜೆ ಎಲ್ಲಿಗೆ ಹಾಕ್ಲಿ?" ಎಂದರು. ಏಳು ವರ್ಷದಿಂದ ನಮ್ಮ ಮೇಜಿನ ಕೆಳಗೆ ಬಗ್ಗುತ್ತಿರುವವರು ಪಟ್ಟಿಯಲ್ಲಿಲ್ಲ. ನನಗೆ ಸಿಟ್ಟು ಬಂದದ್ದು ಮೇಡಂ ಮೇಲಲ್ಲ. ಏಳು ವರ್ಷ ಕಾಲೆತ್ತಿ ಜಾಗ ಬಿಟ್ಟು, ಒಂದು ದಿನವೂ ವಿಚಾರಿಸದ ನನ್ನ ಮೇಲೆ.

ಅದಕ್ಕೇ ಒಂದು ಮನವಿ ಬರೆದಿದ್ದೇನೆ. ಅಕ್ಕನ ಕೆಲಸ ಹೋಗದಿರಲಿ, ಒರೆಸುವವರಿಗೂ ಕಾವಲಿನವರಿಗೂ ನಮ್ಮಂತೆಯೇ ಸಂಬಳದ ರಜೆ ಸಿಗಲಿ, ಮನೆಯವರಿಗೆ ಕಾಯಿಲೆಯಾದರೆ ಯಾರೂ ಇನ್ನೊಬ್ಬರ ರಜೆಗೆ ಕಾಯುವಂತಾಗದಿರಲಿ ಎಂದು. ಹೆಸರಿಲ್ಲದ ಮನವಿಯನ್ನು ಕಂಪನಿ ತೆಗೆದುಕೊಳ್ಳುವುದಿಲ್ಲವಂತೆ. ಇದುವರೆಗೆ ಒಂಬತ್ತು ಸಹಿ ಬಿದ್ದಿದೆ. ನನ್ನದರ ಕೆಳಗೆ ಸಿಡುಕಪ್ಪನದು. "ಹುಂ, ಕೊಡಿಲ್ಲಿ" ಎಂದು ಗೀಚಿಕೊಟ್ಟರು. ಮಿಕ್ಕವರು ಆಮೇಲೆ ನೋಡೋಣ ಅನ್ನುತ್ತಾರೆ. ಅವರಿಗೆ ಹೆದರಿಕೆ. ನನಗೂ ಇದೆ.

ನನಗೆ ಕೊಟ್ಟಾಗ ನಿಮ್ಮ ಹೆಸರು ಬೇಕಿರಲಿಲ್ಲ. ಈಗ ಬೇಕು. ಈ ಕಾಗದವನ್ನು ಊಟದ ಕೋಣೆಯ ಫಲಕಕ್ಕೆ ಅಂಟಿಸುತ್ತೇನೆ. ಪಕ್ಕದಲ್ಲೇ ಮನವಿ ಇರುತ್ತದೆ, ಬುಧವಾರ ಸಂಜೆಯವರೆಗೆ. ನೀವು ಸಹಿ ಹಾಕಿದರೂ ಅದು ನೀವೇ ಎಂದು ನನಗೆ ತಿಳಿಯುವುದಿಲ್ಲ, ನಿಜ. ಅಲ್ಲಿ ಸಹಿ ಹಾಕಿದ ಒಬ್ಬೊಬ್ಬರನ್ನೂ ನೀವೇ ಅಂದುಕೊಳ್ಳುತ್ತೇನೆ.

ನಿಮ್ಮ ಮನೆಯಲ್ಲಿ ಯಾರೂ ಹಾಸಿಗೆ ಹಿಡಿಯದಿರಲಿ. ಹಿಡಿದರೂ, ಯಾರನ್ನೂ ಬೇಡದೆ ಪಕ್ಕದಲ್ಲಿ ಕೂರುವಷ್ಟು ಬಿಡುವು ನಿಮಗೆ ಸಿಗಲಿ.

ಇಂತಿ,
ಮನವಿಯ ಮೊದಲ ಸಹಿಯವಳು