'ನನ್ನ' ಎನ್ನದ ವಾರ

ಮಾರ್ಚ್ 2, ಸಂಜೆ

ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ತಪ್ಪುತ್ತದೆ, ನಾಲ್ಕನೇ ಕ್ಲಾಸಿಗೇ ಶಾಲೆ ಮುಗಿಯಿತು. ಕ್ಷಮಿಸಬೇಕು... ಯಾರು ಕ್ಷಮಿಸಬೇಕೋ, ಓದುವವರೇ ಇಲ್ಲ.

ಇಡೀ ದಿನ ಕೋಟುಗಳಿಗೆ ಗುಂಡಿಯ ಕಾಜಾ ಹಾಕಿದೆ. ಬೆರಳ ತುದಿ ಉರಿಯುತ್ತಿದೆ. ಅಂಗಡಿ ಮುಚ್ಚಿದ ಮೇಲೆ ಮಹಡಿಯಲ್ಲಿ ನಡೆಯುವ ಸಂಜೆ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮೇಷ್ಟ್ರು ಬುದ್ಧನ ದಾರಿಯನ್ನು ಪಶ್ಚಿಮದ ಪುಸ್ತಕಗಳ ಮೂಲಕ ಹೇಳಿಕೊಡುತ್ತಾರೆ. ಅಲ್ಲಿನ ತತ್ತ್ವಜ್ಞಾನಿಯೊಬ್ಬ ತನ್ನೊಳಗೆ ಇಣುಕಿ ನೋಡಿದನಂತೆ. ಬಿಸಿ ಸಿಕ್ಕಿತು, ಚಳಿ ಸಿಕ್ಕಿತು, ಸಿಟ್ಟು ಸಿಕ್ಕಿತು. 'ನಾನು' ಮಾತ್ರ ಸಿಗಲಿಲ್ಲ. ಬುದ್ಧ ಅದನ್ನೇ ಎಷ್ಟೋ ಮೊದಲು ಹೇಳಿದ್ದನಂತೆ.

ಈ ವಾರದ ಅಭ್ಯಾಸ: 'ನಾನು', 'ನನ್ನ' ಅನ್ನಬಾರದು.

ಮಾರ್ಚ್ 4

"ಈ ಕಾಜಾ ಸೊಟ್ಟ ಹಾಕಿದ್ದು ಯಾರು?" ಅಂದರು ಟೈಲರ್ ಮಾಮ.

'ನಾನು' ಅನ್ನುವ ಹಾಗಿಲ್ಲ. "ಸೊಟ್ಟ ಆಗಿದೆ ಮಾಮ."

"ಓಹೋ, ತಾನೇ ಆಗಿದೆಯಾ! ಬಟ್ಟೆಗೇ ಬುದ್ಧಿ ಬಂದುಬಿಡ್ತು ನೋಡಿ!"

ಎಲ್ಲರೂ ನಕ್ಕರು. ಆದರೆ ಮೊದಲ ಸಲ ಕಣ್ಣು ತುಂಬಲಿಲ್ಲ. ಬೈಗುಳಕ್ಕೆ ಒಳಗೆ ಕೂರಲು ಜಾಗವೇ ಸಿಗಲಿಲ್ಲ. ಮೇಷ್ಟ್ರ ಮಾತು ನಿಜವಿರಬೇಕು.

ಸಂಜೆ ಪಕ್ಕದ ಬೀದಿಗೆ ಹೋಗಿ ಅಕ್ಕನನ್ನು ನೋಡಿ ಬಂದೆ. ದಿನ ತುಂಬಿದೆ. ಕಾಲು ಊದಿದೆ. "ಒದೀತಿದೆ, ನಿನ್ನ ಹಾಗಲ್ಲ, ಗಟ್ಟಿಗಿತ್ತಿ," ಅಂದಳು.

ಮಾರ್ಚ್ 9

ಅಕ್ಕನ ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಣ್ಣು.

ಮಾರ್ಚ್ 11

ಅಕ್ಕ ಆಸ್ಪತ್ರೆಯಿಂದ ಬಂದಳು. ಭಾವ ಗೋಡೆ ನೋಡುತ್ತ ಕೂರುತ್ತಾರೆ. ಬಂದವರೆಲ್ಲ "ಹೋಗಲಿ ಬಿಡು, ಇನ್ನೂ ವಯಸ್ಸಿದೆ" ಅನ್ನುತ್ತಾರೆ. ಮಗು ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲ. 'ಅದು' ಅನ್ನುತ್ತಾರೆ.

ಅವರೆಲ್ಲ ಹೋದ ಮೇಲೆ ಅಕ್ಕ ಕೈ ಹಿಡಿದುಕೊಂಡಳು. "ನನ್ನ ಮಗು ಕಣೇ... ನನ್ನ ಮಗು."

ಏನಾದರೂ ಸಮಾಧಾನ ಹೇಳಬೇಕಿತ್ತು. ಗೊತ್ತಿದ್ದದ್ದು ಅದೊಂದೇ. "'ನನ್ನ' ಅನ್ನೋದನ್ನ ಬಿಟ್ಟು ನೋಡಕ್ಕ. ನೋವು ಕಮ್ಮಿ ಆಗತ್ತೆ."

ಅಕ್ಕ ಕೈ ಬಿಟ್ಟಳು. "ಏಳು. ಹೊರಗೆ ಹೋಗು."

ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. "ಬಾಯಿ ಬಿಡದವಳು ಬಿಟ್ಟರೆ ಹೀಗೆ ಬಿಡೋದಾ? ಅವಳ ಹತ್ರ ಉಳಿದಿದ್ದೇ ಆ ಒಂದು ಮಾತು ಕಣೇ."

ಮಾರ್ಚ್ 12, ಅಂಗಡಿಯಲ್ಲಿ

ಮೊದಲು 'ಅಕ್ಕನಿಗೆ ಹಾಗೆ ಹೇಳಲಾಯಿತು' ಅಂತ ಬರೆದೆ. ಯಾರೂ ಹೇಳದೆ ಮಾತು ತಾನೇ ಬಿದ್ದ ಹಾಗೆ. ಹೊಡೆದುಹಾಕಿ 'ಹೇಳಿದೆ' ಅಂತ ಬರೆದೆ. 'ನಾನು' ಬಿಟ್ಟಾಯಿತು ಅಂದುಕೊಂಡಿದ್ದೆ. ಬಂದೆ, ಹೋದೆ, ಹೇಳಿದೆ — ಪ್ರತಿ ಮಾತಿನ ಬಾಲದಲ್ಲೂ ಆ 'ನಾನು' ಕೂತೇ ಇದೆ.

ಮಹಡಿಗೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ಪುಸ್ತಕ ಮುಚ್ಚಿದರು.

"ಅದು ತನಗೆ ತಾನು ಹೇಳ್ಕೊಳ್ಳೋ ಮಾತಮ್ಮ, ಅಳ್ತಿರೋರಿಗಲ್ಲ. ಬುದ್ಧ ಶುರು ಮಾಡಿದ್ದೇ 'ನೋವಿದೆ' ಅಂತ. ಅದನ್ನ ಮೊದಲು ಹೇಳಿಕೊಡಬೇಕಿತ್ತು. ನಾನು..."

"ಈಗ ಏನ್ ಮಾಡ್ಲಿ ಮೇಷ್ಟ್ರೇ?"

"ಗೊತ್ತಿಲ್ಲಮ್ಮ."

ಮಾರ್ಚ್ 13

ಅಕ್ಕ ಬಾಗಿಲು ತೆಗೆಯಲಿಲ್ಲ.

ಮಾರ್ಚ್ 14

ಇವತ್ತೂ ಇಲ್ಲ. ಭಾವ ಮೆಟ್ಟಿಲ ಮೇಲೆ ಬಂದು ಕೂತರು. "ಅನ್ನ ಮುಟ್ತಿಲ್ಲ. ನನ್ನ ಹತ್ರಾನೂ ಮಾತಿಲ್ಲ. ನೀನಾದ್ರೂ..." ಅಂದರು. ತಲೆ ಎತ್ತಲಾಗಲಿಲ್ಲ. ಅವಳು ಬಾಯಿ ತೆರೆದದ್ದು ಒಂದೇ ಸಲ. ಅದನ್ನು ಮುಚ್ಚಿಸಿದವಳು ನಾನು.

ಮಾರ್ಚ್ 15, ಬೆಳಿಗ್ಗೆ

ಕೆಲಸಕ್ಕೆ ಮೊದಲು ಹೋದೆ.

"ಯಾರು?"

"ನಾನು."

ಚಿಲಕ ಸರಿಯಿತು. ಅಕ್ಕನ ರವಿಕೆ ಎದೆಯ ಹತ್ತಿರ ಒದ್ದೆ. ಹಾಲು. ಕುಡಿಯುವವರಿಲ್ಲ ಅಂತ ಅದಕ್ಕೆ ಯಾರು ಹೇಳಬೇಕು?

"ತಪ್ಪಾಯ್ತಕ್ಕ. ನಿನ್ನ ಮಗು ಅವಳು."

ಅಕ್ಕ ಬಗಲಿನ ಹತ್ತಿರ ಬಟ್ಟೆ ಎಳೆದುಕೊಂಡಳು. "ರವಿಕೆ ಬಿಗಿಯಾಗ್ತಿದೆ. ನೋಯತ್ತೆ," ಅಂದಳು.

ಇನ್ನೊಂದು ರವಿಕೆ ತೆಗೆದುಕೊಂಡು ನೆಲದ ಮೇಲೆ ಕೂತು ಬಗಲಿನ ಹೊಲಿಗೆ ಬಿಚ್ಚಿದೆ. ಅಕ್ಕ ಗೋಡೆಯ ಕಡೆ ತಿರುಗಿ ಮಾತಾಡತೊಡಗಿದಳು. ತಲೆ ತುಂಬ ಕೂದಲಿತ್ತಂತೆ. ಉಗುರು ಬೆಳೆದಿತ್ತಂತೆ. ಮೂಗು ಭಾವನದೇ. ಎಲ್ಲ ಕೇಳಿಸಿಕೊಂಡೆ. ಸಡಿಲ ಬಿಟ್ಟು ಹೊಲಿದು ತೊಡಿಸಿದೆ.

"ಸಾಕೇನಕ್ಕ?"

"ಇನ್ನೂ ಸ್ವಲ್ಪ ಬಿಡು."

ಮತ್ತೆ ಬಿಚ್ಚಿದೆ.